ಜಾಗಾ ಬ್ಯಾರೆ, ಮನಿ ಬ್ಯಾರೆ

ಶರಣಪ್ಪ ಗೌಂಡಿ ಯಾರ ಮನೆಗೆ ಬಂದರೂ ಬಂದ ಕೂಡಲೇ ಕೂಡುತ್ತಿರಲಿಲ್ಲ. ಅಂಗೈಯನ್ನು ಗೋಡೆಗೆ ಆನಿಸಿ, ವೈದ್ಯರು ನಾಡಿ ಹಿಡಿದಂತೆ ಅರೆಗಳಿಗೆ ನಿಲ್ಲುತ್ತಿದ್ದರು. ನೀರು, ಚಹಾ ಎಲ್ಲ ಆಮೇಲೆ. ಅಫಜಲಪುರದಲ್ಲಿ ಅವರು ಕಟ್ಟಿದ ಮನೆಗಳು ಓಣಿಗೊಂದೆರಡು ಇದ್ದವು. ಆದರೆ ಆಳಂದ, ಜೇವರ್ಗಿಯವರೆಗೆ ಅವರ ಹೆಸರು ಹೋಗಿದ್ದು ಅಣ್ಣತಮ್ಮಂದಿರು ಬೇರೆಯಾಗುವಾಗ ಮನೆಗೆ ಬೆಲೆ ಹೇಳುತ್ತಿದ್ದುದರಿಂದ. “ಜಾಗಾ ಬ್ಯಾರೆ, ಮನಿ ಬ್ಯಾರೆ. ಎರಡೂ ಕಲಸಿ ಹೇಳಿದ್ರ ಒಬ್ಬರಿಗೆ ಅನ್ಯಾಯ ಆಗ್ತದ,” ಎನ್ನುತ್ತಿದ್ದರು.

ಆ ಮಾತು ಒಮ್ಮೆ ನಮ್ಮ ಮನೆಯ ಬಾಗಿಲಿಗೇ ಬಂತು.

ಎಪ್ಪತ್ತರ ದಶಕದ ಮೊದಲಲ್ಲಿ ಅಪ್ಪ ತನ್ನ ದುಡಿಮೆಯಲ್ಲಿ ಆ ಕಲ್ಲಿನ ಮನೆ ಕಟ್ಟಿಸಿದ್ದ. ಜಾಗ ದೊಡ್ಡಪ್ಪನ ಹೆಸರಿನಲ್ಲಿತ್ತು. ಒಡಹುಟ್ಟಿದವರ ನಡುವೆ ಕಾಗದವೇಕೆ ಎಂದು ಬಿಟ್ಟಿದ್ದರು. ಅಪ್ಪ ತೀರಿಕೊಂಡ ಕೆಲವು ವರ್ಷಗಳಿಗೆ ಮಗ್ಗುಲಲ್ಲೇ ಹೊಸ ರಸ್ತೆ ಬಂತು. ದೊಡ್ಡಪ್ಪ ಜಾಗ ಮಾರಲು ನಿಂತರು. ಹಿರಿಯರು ಕೂಡಿ, ಜಾಗದ ಬೆಲೆ ದೊಡ್ಡಪ್ಪನಿಗೆ, ಮನೆಯ ಬೆಲೆ ಅವ್ವನಿಗೆ ಎಂದು ತೀರ್ಮಾನಿಸಿ ಗೌಂಡಿಯವರನ್ನು ಕರೆಸಿದರು. ಮನೆ ಕಟ್ಟಿದವರೂ ಅವರೇ. ತಮ್ಮ ಕೈಕೆಲಸವನ್ನು ತಾವೇ ಕಡಿಮೆ ಮಾಡಿ ಹೇಳಲಾರರೆಂದು ಶಾಲೆಯಲ್ಲಿ ಶಿಕ್ಷಕಿಯಾಗಿದ್ದ ಅವ್ವ ನಂಬಿದ್ದಳು.

ಅವರು ಮಾಳಿಗೆ ಹತ್ತಿ ಇಳಿದರು, ತೊಲೆ ತಟ್ಟಿ ನೋಡಿದರು. ಕೊನೆಗೆ ಕಟ್ಟೆಯ ಮೇಲೆ ಕೂತು ಹೇಳಿದರು:

“ಅಕ್ಕೋರ, ಮನಿ ಕಿಮ್ಮತ್ತಿನ್ಯಾಗ ಮೂರರಾಗ ಒಂದು ಪಾಲು ಹೋಗ್ಯದ್ರಿ. ಏರಿದ್ದು ಜಾಗಾದ್ದು. ಜಾಗಾ ನಿಮ್ದಲ್ಲ.”

“ನೀವೇ ಕಟ್ಟಿದ ಮನಿ ಅಲ್ಲೇನ್ರಿ ಇದು?” ಅವ್ವ ಕೇಳಿದಳು.

“ಹೌದ್ರಿ. ಯಾರು ಕಟ್ಟಿದ್ರೂ ಮನಿ ಹಳೇದಾಗ್ತದ.”

ದೊಡ್ಡಪ್ಪನಿಗೆ ಧೈರ್ಯ ಬಂತು. “ಹಂಗಾದ್ರ ಹಳೇ ಕಲ್ಲು, ಹಳೇ ತೊಲಿ ಅಂತ ಬೆಲಿ ಹಿಡೀರಿ. ತಗೊಂಡಾವ ಹೆಂಗೂ ಕೆಡವ್ತಾನ.”

“ಇಲ್ರಿ ಸಾಹುಕಾರ್ರ. ಬಿಚ್ಚಿದ ಕಲ್ಲಿನ ಬೆಲಿ ಬ್ಯಾರೆ, ನಿಂತ ಮನಿ ಬೆಲಿ ಬ್ಯಾರೆ. ಒಳಗ ಇನ್ನಾ ಒಲಿ ಉರಿಯಾಕತ್ತದ.”

ಹಿರಿಯರು ಅವರ ಮಾತನ್ನೇ ಹಿಡಿದರು. ದೊಡ್ಡಪ್ಪ ಸಿಟ್ಟಾದರು, ಅವ್ವನೂ ಸಿಟ್ಟಾದಳು. ಗೌಂಡಿ ಒಬ್ಬರೇ ಬಿಸಿಲಲ್ಲಿ ನಡೆದು ಹೋದರು.

ಅವ್ವ ಊರ ಅಂಚಿನಲ್ಲಿ ಒಂದು ತುಂಡು ಜಾಗ ನೋಡಿದಳು. ಉಳಿದ ಹಣದಲ್ಲಿ ಗೋಡೆ ಏಳುವಂತಿರಲಿಲ್ಲ. ತಗಡಿನ ಮನೆ ಮಾಡಿ ಮಾರುವವನೊಬ್ಬ ಬಂದು, ಇದನ್ನು ಬಿಚ್ಚಿ ಎಲ್ಲಿಗಾದರೂ ಒಯ್ಯಬಹುದು, ಬೆಲೆ ಇಳಿಯುವುದೇ ಇಲ್ಲ ಎಂದು ಹೇಳಿ ಹೋದ. ಖರೀದಿಯನ್ನು ನಿನ್ನ ಅಣ್ಣನ ಹೆಸರಿಗೆ ಮಾಡಿಸು, ಗಂಡಸಿನ ಹೆಸರಿದ್ದರೆ ಚಲೋ ಎಂದು ನೆಂಟರೂ ಹೇಳಿದರು. ಅಷ್ಟರಲ್ಲಿ ಒಂದು ಬೆಳಿಗ್ಗೆ, ಯಾರೂ ಕರೆಯದೆ, ಗೌಂಡಿ ಬಂದರು.

“ತಗಡಿನ ಮನಿನೂ ಹಳೇದಾಗ್ತದ್ರಿ ಅಕ್ಕೋರ, ಕಲ್ಲಿಂದಕ್ಕಿಂತ ಲಗೂನ ಆಗ್ತದ. ಈಗ ಅನಿವಾರ್ಯ ಅದ, ಹಾಕ್ರಿ. ಆದ್ರ ಜಾಗಾ ನಿಮ್ಮ ಹೆಸರಿಗೇ ಆಗಬೇಕು. ಅಣ್ಣ ಎಷ್ಟೇ ಒಳ್ಳ್ಯಾವಿದ್ರೂ ಬ್ಯಾಡ.”

ಜಾಗ ತನ್ನ ಹೆಸರಿಗೇ ಆಗಲಿ ಎಂದು ಅವ್ವ ನೆಂಟರಿಗೆ ಹೇಳಿ ಕಳಿಸಿದಳು. ಮರುವಾರ ನೋಂದಣಿ ಕಚೇರಿಯಲ್ಲಿ ಸಾಕ್ಷಿಗೆ ಹೆಬ್ಬೆಟ್ಟು ಒತ್ತಿದವರು ಗೌಂಡಿಯವರೇ. ಆ ತಗಡಿನ ಕೆಳಗೆ ಏಳು ಬೇಸಿಗೆ ಬೆಂದೆವು. ತುಕ್ಕು ಹಿಡಿದ ತಗಡು ಕೊನೆಗೆ ಗುಜರಿಯವನ ಪಾಲಾಯಿತು. ಜಾಗ ಉಳಿದಿತ್ತು. ಅಲ್ಲಿ ಅವರೇ ನಿಂತು ನಮಗೆ ಮತ್ತೆ ಕಲ್ಲಿನ ಗೋಡೆ ಎಬ್ಬಿಸಿ ಕೊಟ್ಟರು. ಕೆಲಸ ಮುಗಿದ ದಿನ ನಾನು, “ಇದೂ ಹಳೇದಾಗ್ತದೇನ್ರಿ ಕಾಕಾ?” ಎಂದು ಕೇಳಿದೆ. “ನಾಳಿಂದ ಶುರು,” ಎಂದು ನಕ್ಕರು.

ತೊಂಬತ್ತರ ದಶಕದಲ್ಲಿ ಅವರ ಕಣ್ಣು ಮಂಜಾಯಿತು. ಜೇವರ್ಗಿಯಲ್ಲಿದ್ದ ಮಗಳ ಬಳಿಗೆ ಹೋದರು. ತೀರಿಕೊಂಡ ಸುದ್ದಿ ನಮಗೆ ಮುಟ್ಟುವಷ್ಟರಲ್ಲಿ ದಿನಕರ್ಮವೂ ಮುಗಿದಿತ್ತು. ಅವ್ವ ಶಾಲೆಗೆ ರಜೆ ಹಾಕಿ ನನ್ನನ್ನು ಕರೆದುಕೊಂಡು ಬಸ್ಸು ಹತ್ತಿದಳು.

ಮಗಳು ನಮ್ಮನ್ನು ಹಿಂದೆ ಕಂಡವಳಲ್ಲ. ಚಾಪೆ ಹಾಸಿ, ನೀರು ಕೊಟ್ಟು, ಸಂಕೋಚದಿಂದ ಕೇಳಿದಳು: “ನಮ್ಮಪ್ಪ ನಿಮಗ ಏನಾಗಬೇಕ್ರಿ?”

ಅವ್ವ ಚಂಬನ್ನು ಕೆಳಗಿಟ್ಟಳು.

“ಅಣ್ಣ ಆಗಬೇಕವ್ವ,” ಎಂದಳು.