ದಾರಿ ಅದೇ, ದಿನಕ್ಕೊಂದು ಕೆಲಸ

ಬೆಳಕು ಇನ್ನೂ ಕಣ್ಣುಜ್ಜಿಕೊಳ್ಳುತ್ತಿರುವ ಹೊತ್ತು. ಶಾಲೆಯ ವ್ಯಾನಿನೊಳಗೆ ಐವತ್ತೆರಡರ ಹೆಂಗಸೊಬ್ಬರು ಸೀಟು ಬೆಲ್ಟಿನ ಕೊಂಡಿಗಳಿಗೆ ಮೆತ್ತನೆಯ ಬಟ್ಟೆ ಸುತ್ತುತ್ತಿದ್ದಾರೆ. ಕಿಟಕಿಗಳೆಲ್ಲ ತೆರೆದಿವೆ. ಡ್ರೈವರಣ್ಣ ಆಸೆಯಿಂದ ತಂದಿಟ್ಟ ಸುಗಂಧದ ಡಬ್ಬಿ ಆಗಲೇ ಹೊರಬಿದ್ದಿದೆ.

"ನಿಮಗದು ಘಮಘಮ. ನನ್ನ ಮಕ್ಕಳಿಗೆ ತಲೆ ಮೇಲೆ ಸುತ್ತಿಗೆ ಏಟು."

"ಸ್ಟೇರಿಂಗ್ ನಂದು, ದರ್ಬಾರು ನಿಮ್ದು," ಎಂದು ಡ್ರೈವರಣ್ಣ ಗೊಣಗುತ್ತಾರೆ.

ಮಕ್ಕಳ ಬಾಯಲ್ಲಿ ಇವರು ವ್ಯಾನಮ್ಮ. ಮಕ್ಕಳನ್ನು ಹತ್ತಿಸಿ, ಕೂರಿಸಿ, ಇಳಿಸುವ ಕೆಲಸಕ್ಕೆ ಒಂಬತ್ತು ವರ್ಷ. ಹನ್ನೊಂದು ಮಕ್ಕಳು, ಒಂಬತ್ತು ನಿಲುಗಡೆ, ಇಪ್ಪತ್ತಾರು ಕಿಲೋಮೀಟರು. ಸಂಜೆ ಮತ್ತೆ ಅಷ್ಟೇ. ಕೆಲವರಿಗೆ ಆಟಿಸಂ: ದಿನದ ಕ್ರಮ ಕೊಂಚ ಆಚೀಚೆಯಾದರೂ ಜೀವ ಒದ್ದಾಡುತ್ತದೆ. ಕೆಲವರಿಗೆ ಎಡಿಎಚ್‌ಡಿ: ಮನಸ್ಸು ಒಂದೆಡೆ ನಿಲ್ಲದು, ಮೈ ಸೀಟಿನಲ್ಲಿ ಕೂರದು. ಎರಡೂ ಇರುವವರೂ ಇದ್ದಾರೆ. ವ್ಯಾನಮ್ಮನ ಎಡಗೈ ಮೇಲೆ ಹಲ್ಲಿನ ಹಳೆಯ ಗುರುತಿದೆ. ಕೇಳಿದರೆ ಸೆರಗೆಳೆದುಕೊಳ್ಳುತ್ತಾರೆ. "ಹೆದರಿದ ಮಗು ಕಚ್ಚುತ್ತೆ. ಅದಕ್ಕೇನು ಪಂಚಾಯ್ತಿ?"

ದೇವರು ಮಕ್ಕಳನ್ನು ಅಚ್ಚಿನಲ್ಲಿ ಎರೆಯುವುದಿಲ್ಲ, ಒಂದೊಂದನ್ನೂ ಕೈಯಲ್ಲೇ ತಿದ್ದುತ್ತಾನೆ ಎಂದು ಹಿರಿಯರು ಹೇಳುವುದುಂಟು. ಎಂಟು ವರ್ಷದ ಗಿರಗಿಟ್ಲೆಯನ್ನು ಅವನು ತುಸು ಹೆಚ್ಚೇ ಹೊತ್ತು ಕೂತು ತಿದ್ದಿರಬೇಕು. ಅಜ್ಜಿ ಇಟ್ಟ ಅಡ್ಡಹೆಸರದು. ಅವಳಿಗೆ ಆಟಿಸಂ, ಎಡಿಎಚ್‌ಡಿ ಎರಡೂ ಇವೆ. ಡಾಕ್ಟರು ವಿವರಿಸುತ್ತಿದ್ದಾಗ ಪಕ್ಕದಲ್ಲಿದ್ದ ಅಪ್ಪ, "ಇದೆಲ್ಲ ನಂಗೂ ಇತ್ತಲ್ಲ ಡಾಕ್ಟ್ರೇ!" ಎಂದು ಬಾಯಿ ಬಿಟ್ಟರಂತೆ.

ಇವಳ ವಿಷಯದಲ್ಲಿ ವ್ಯಾನಮ್ಮನೂ ಎಡವಿದ್ದಾರೆ. ಬೇರೊಂದು ಮಗುವಿಗೆ ಒಗ್ಗಿದ್ದ ಚಿತ್ರದ ಚೀಟಿಗಳನ್ನೇ ಇವಳಿಗೂ ಕೊಟ್ಟರು. ಬೇಕರಿ, ನೀರಿನ ಟ್ಯಾಂಕು, ಶಾಲೆಯ ಗೇಟು. ದಾರಿಯಲ್ಲಿ ಬರುವ ಕ್ರಮದಲ್ಲೇ. ಎರಡು ದಿನ ಚಿನ್ನದಂಥ ಮಗು. ಮೂರನೆಯ ದಿನ ಚೀಟಿಗಳು ಕಿಟಕಿಯಾಚೆ, ಬೆಲ್ಟು ಬಿಚ್ಚಿದ ಹುಡುಗಿ ಓಡುವ ಗಾಡಿಯ ಬಾಗಿಲ ಬಳಿ! ಬೇಜಾರಾಗಿರಬೇಕೆಂದು ಮರುದಿನ ಬೇರೆ ಬೀದಿ ಹಿಡಿದರೆ, ಶಾಲೆ ಬರುವವರೆಗೂ ಚೀರಾಟ.

ಇನ್ನೊಮ್ಮೆ ಬೆಲ್ಟು ಬಿಚ್ಚಿದರೆ ವ್ಯಾನಿಗೆ ಸೇರಿಸುವುದಿಲ್ಲ ಎಂದಿತು ಶಾಲೆ. ಅವಳ ಅಮ್ಮ ನರ್ಸು, ಏಳಕ್ಕೆ ಡ್ಯೂಟಿ. ಅಪ್ಪನ ಕೆಲಸ ಪರವೂರಿನಲ್ಲಿ. "ವ್ಯಾನು ತಪ್ಪಿದ್ರೆ ನನ್ನ ಕೆಲಸಾನೂ ಹೋಯ್ತು ಅಂದ್ಕೊಳ್ಳಿ ಅಕ್ಕಾ," ಎಂದು ಆಕೆ ಕಣ್ಣು ತುಂಬಿಕೊಂಡರು.

"ಒಂದೇ ಥರ ಇದ್ರೆ ಬೇಜಾರು, ಬದಲಾದ್ರೆ ಭಯ. ಪಾಪ, ಮಗುವಾದ್ರೂ ಏನ್ಮಾಡುತ್ತೆ?" ಎನ್ನುವ ವ್ಯಾನಮ್ಮ ಉಪಾಯವನ್ನೂ ಹೇಳುತ್ತಾರೆ: "ದಾರಿ ಅದೇ ಇರ್ಲಿ, ದಿನಕ್ಕೊಂದು ಹೊಸ ಕೆಲಸ ಕೊಡೋಣ ಅಂದ್ಕೊಂಡೆ." ಒಂದು ದಿನ ನೀಲಿ ಬಾಗಿಲು ಎಣಿಸುವುದು. ಇನ್ನೊಂದು ದಿನ ಗೋಡೆ ಮೇಲೆ ಕೂತ ಬೆಕ್ಕುಗಳನ್ನು ಹುಡುಕುವುದು. ಕೆಲಸವೇನೆಂದು ಹತ್ತುವ ಮೊದಲೇ ಕಿವಿಯಲ್ಲಿ ಹೇಳಬೇಕು. ಎರಡು ತಿಂಗಳು ಬೆಲ್ಟು ಬಿಚ್ಚಲಿಲ್ಲ.

ಅಷ್ಟರಲ್ಲಿ ಪೈಪು ಹಾಕಲು ರಸ್ತೆ ಅಗೆದರು. ಸೋಮವಾರದಿಂದ ಆ ಒಂದೆರಡು ಕಿಲೋಮೀಟರಿಗೆ ಬೇರೆ ದಾರಿ. ಭಾನುವಾರ ವ್ಯಾನಮ್ಮ ಮಂಡಿನೋವಿನ ಕಾಲೆಳೆಯುತ್ತ, ತಾಯಿ ಮಗಳ ಜತೆ ಆ ದಾರಿಯನ್ನು ನಡೆದೇ ತೋರಿಸುತ್ತಾರೆ. ಏಳು ತಿರುವು. ಗಿರಗಿಟ್ಲೆ ಏಳನ್ನೂ ಕಾಗದದ ಮೇಲೆ ಗೀಚಿಕೊಳ್ಳುತ್ತಾಳೆ.

ಸೋಮವಾರ ಅವಳ ಕಿವಿಯಲ್ಲಿ ಹೊಸ ಕೆಲಸ: "ಇವತ್ತು ಡ್ರೈವರಣ್ಣಂಗೆ ದಾರಿ ಹೇಳೋಳು ನೀನೇ."

ಮೂರು ತಿರುವು ಸಲೀಸು. ನಾಲ್ಕನೆಯದರಲ್ಲಿ ಡ್ರೈವರಣ್ಣನ ಕೈ ರೂಢಿಯಂತೆ ಹಳೆಯ ರಸ್ತೆಗೇ ಹೊರಳುತ್ತದೆ. ಗಿರಗಿಟ್ಲೆಯ ಕೈ ಬೆಲ್ಟಿನ ಕೊಂಡಿಗೆ ಹೋಗುತ್ತದೆ. ವ್ಯಾನಮ್ಮ ಸೀಟಿನ ಅಂಚಿಗೆ ಸರಿಯುತ್ತಾರೆ. ಆದರೆ ಕೈ ಚಾಚುವುದಿಲ್ಲ.

"ಅಂಕಲ್, ತಪ್ಪು! ಬಲಕ್ಕೆ! ನಿಮಗೆ ಬಲಗೈ ಯಾವುದು ಗೊತ್ತಿಲ್ವಾ?"

"ತಪ್ಪಾಯ್ತು ತಾಯಿ," ಎಂದು ಡ್ರೈವರಣ್ಣ ರಿವರ್ಸ್ ಹಾಕುತ್ತಾರೆ. ಹತ್ತು ಮಕ್ಕಳ ನಗು. ಕೊಂಡಿ ಬಿಟ್ಟ ಬೆರಳು ಐದನೆಯ ತಿರುವನ್ನು ತೋರಿಸುತ್ತಿರುತ್ತದೆ.

ಎಲ್ಲರೂ ಇಳಿದ ಮೇಲೆ ವ್ಯಾನಮ್ಮ ಖಾಲಿ ಸೀಟಿನಲ್ಲಿ ಕೂತು ಆಸ್ಪತ್ರೆಯಲ್ಲಿರುವ ಗಿರಗಿಟ್ಲೆಯ ಅಮ್ಮನಿಗೆ ಫೋನು ಹಚ್ಚುತ್ತಾರೆ. "ಕೂತೇ ಬಂದ್ಲು ಕಣಮ್ಮ, ನೀನು ನೆಮ್ಮದಿಯಾಗಿ ಕೆಲಸ ನೋಡ್ಕೋ. ನಾವು ಕರ್ಕೊಂಡು ಬರ್ಲಿಲ್ಲ, ಅವಳೇ ನಮ್ಮನ್ನೆಲ್ಲ ಶಾಲೆ ಮುಟ್ಟಿಸಿದ್ಲು."