ರಿಪೇರಿಯವನು ಹೇಳಬಾರದ ಮಾತು

ಮನೆಬಳಕೆಯ ಕಂಪ್ಯೂಟರ್ ಮಾಡುವ ನಮ್ಮ ಸಣ್ಣ ಕಂಪನಿಯಲ್ಲಿ ರಿಪೇರಿಗೆಂದು ಉಳಿದಿರುವವನು ನಾನೊಬ್ಬನೇ. ಕಂಪನಿ ಇರುತ್ತದೋ ಮುಚ್ಚುತ್ತದೋ, ಯಾರೂ ಬಾಯಿ ಬಿಡುತ್ತಿಲ್ಲ.

ಮೊನ್ನೆ ಬೆಟ್ಟದಪುರದ ಗೌರಮ್ಮನವರ ಮನೆಗೆ ಹೋಗಿದ್ದೆ. ಅವರು ನಮ್ಮ ಕಂಪ್ಯೂಟರಿನಲ್ಲೇ ಊರಿನವರ ಲಗ್ನಪತ್ರಿಕೆ ಮಾಡಿಕೊಡುತ್ತಾರೆ. ಅದು ಪದೇ ಪದೇ ಆಫ್ ಆಗುತ್ತಿತ್ತು. ಫ್ಯಾನಿಗೆ ಕಟ್ಟಿದ್ದ ಧೂಳು ತೆಗೆದೆ, ಸರಿಹೋಯಿತು.

ಕಾಫಿ ಕೊಡುತ್ತಾ, ನೆಂಟರನ್ನು ವಿಚಾರಿಸುವ ಹಾಗೆ ಕೇಳಿದರು. "ನಿಮ್ ಕಂಪನಿಯೋರೆಲ್ಲ ಚೆನ್ನಾಗವ್ರಾ?"

ಆಫೀಸಿನಲ್ಲಿ ನನ್ನ ಸಾಲಿನ ಉಳಿದ ಕುರ್ಚಿಗಳೆಲ್ಲ ಖಾಲಿ. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಉಪ್ಪಿನಕಾಯಿ ಕೇಳುವವರೂ ಇಲ್ಲ. "ಇದ್ದಾರಮ್ಮ" ಅಂದೆ.

"ಮುಂದ್ಕೆ ಕೆಟ್ರೆ ನಿಮ್ಗೇ ಫೋನ್ ಮಾಡ್ಲಾ?"

ಆಗ ನಾನು ಕೆಲಸದಲ್ಲಿರುತ್ತೇನೋ ಇಲ್ಲವೋ. ಬ್ಯಾಗು ಎತ್ತಿಕೊಂಡು "ಹೋಗ್ತೀನಮ್ಮ" ಅಂದುಬಿಟ್ಟೆ.

ಅವರ ಮುಖ ಬಿಗಿಯಿತು. "ಅಂಗನ್ಬಾರ್ದು ಕಣ್ರೀ. ಬತ್ತೀನಿ ಅನ್ನಿ."

ನಾನು ಹೇಳುವವರೆಗೂ ಬಾಗಿಲು ಬಿಟ್ಟು ಸರಿಯಲಿಲ್ಲ. "ಬರ್ತೀನಿ" ಅಂದೆ.

ಬಸ್ಸಿನಲ್ಲಿ ಕೂತಾಗ ಹೊಳೆಯಿತು. ಆ ಕಂಪ್ಯೂಟರಿಗೆ ಕಂಪನಿ ಕೊಟ್ಟ ಗ್ಯಾರಂಟಿ ಎಂದೋ ಮುಗಿದಿದೆ. ಈಗ ಇರುವುದು ನಾನು ಬಾಗಿಲಲ್ಲಿ ನಿಂತು ಕೊಟ್ಟುಬಂದದ್ದೊಂದೇ.