ಹರಳಕ್ಕ ಒಳಗೆ ಬರಬಾರದು

ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಹರಳಕ್ಕ ಎನ್ನುತ್ತಿದ್ದರು. ಹರಳು ಬೆಳೆಯಲು ಇಟ್ಟ ದ್ರಾವಣ ಅಲುಗಬಾರದೆಂದು ಬೀಕರಿನ ಹತ್ತಿರ ಉಸಿರು ಹಿಡಿದು ನಡೆಯುವವಳು. ಯಾರಾದರೂ ಬಾಗಿಲು ದಢಾರನೆ ಹಾಕಿದರೆ ಕಣ್ಣಲ್ಲೇ ಸುಡುವವಳು.

ಆ ದ್ರಾವಣದಲ್ಲಿದ್ದದ್ದು ಅವಳೇ ಯೋಚಿಸಿ ಕಟ್ಟಿದ ಅಣು. ಒಂದು ತುದಿ ಎಲೆಕ್ಟ್ರಾನು ಕೊಡುತ್ತದೆ, ಇನ್ನೊಂದು ಎಳೆದುಕೊಳ್ಳುತ್ತದೆ. ಅಣುಗಳೆಲ್ಲ ಒಂದೇ ಕಡೆ ಮುಖ ಮಾಡಿ ಹರಳುಗಟ್ಟಿದರೆ, ಕಣ್ಣಿಗೆ ಕಾಣದ ಲೇಸರ್ ಒಳಹೊಕ್ಕು ಹಸಿರಾಗಿ ಹೊರಬರುತ್ತದೆ. ಎದುರುಬದುರಾಗಿ ಜೋಡಿಯಾದರೆ ಒಂದರ ಬಲವನ್ನು ಇನ್ನೊಂದು ನುಂಗಿಹಾಕುತ್ತದೆ, ಹಸಿರು ಹುಟ್ಟುವುದಿಲ್ಲ. ಅವಳ ಮೊದಲ ಹರಳು ಸಾಸಿವೆಯಷ್ಟಿತ್ತು. ಹಸಿರು ಬಂತು. ಅಳೆಯುವಾಗ ಲೇಸರಿನ ಬಿಸಿಗೆ ಸೀಳಿಹೋಯಿತು. ಡಾಕ್ಟರೇಟ್ ಸಿಗಬೇಕಾದರೆ ಇನ್ನೊಂದು ಬೇಕು, ಸ್ವಲ್ಪ ದೊಡ್ಡದು.

ಪಕ್ಕದ ಕೋಣೆಯ ಸಂಶೋಧಕಿ, ಅವಳಿಗಿಂತ ಕಿರಿಯಳು, ಅದೇ ಅಣುವನ್ನು ಬೇರೆ ದ್ರಾವಕದಲ್ಲಿ ಹರಳುಗಟ್ಟಲು ಇಟ್ಟಿದ್ದಳು.

"ಅಕ್ಕಾ, ನನ್ನದು ಎಷ್ಟು ದಪ್ಪ ಆಗಿದೆ ನೋಡಿ ಬನ್ನಿ. ಬೆಳಕು ಮಾತ್ರ ಇಲ್ಲ, ದಂಡಪಿಂಡ."

ಹರಳಕ್ಕ ನಗುತ್ತಲೇ ಹೋಗಿ, ಅದನ್ನು ಪಿಂಗಾಣಿ ಒರಳಿನಲ್ಲಿ ಪುಡಿ ಮಾಡಿ ಪರೀಕ್ಷಿಸಿದಳು. ಎದುರುಬದುರು ಜೋಡಿಯೇ. ಕೋಟು ಬದಲಿಸದೆ ತನ್ನ ಬೀಕರಿಗೆ ಮರಳಿ, ಮೇಲೆ ಮುಚ್ಚಿದ್ದ ಕಾಗದ ಸರಿಸಿ, ಬಗ್ಗಿ ನೋಡಿದಳು.

ಮರುದಿನ ಬೆಳಿಗ್ಗೆ ಬೀಕರಿನ ತಳದ ತುಂಬ ಹರಳು, ಕನ್ನಡಿಯಂತೆ ಸ್ವಚ್ಛ. ಲೇಸರ್ ಹಾಯಿಸಿದಳು. ಏನೂ ಬರಲಿಲ್ಲ.

ಆಮೇಲೆ ಹೊಸ ಗಾಜು, ಹೊಸ ದ್ರಾವಕ, ಏನಿಟ್ಟರೂ ಅದೇ ಚಂದದ, ಸತ್ತ ಹರಳು. ಸುಲಭದ ಜೋಡಣೆ ಸಿಕ್ಕಿದ ಅಣು ಕಷ್ಟದ್ದಕ್ಕೆ ಮರಳುವುದಿಲ್ಲ; ದಾರಿ ತೋರಿಸಲು ಅವಳ ಕೋಟಿನಿಂದ ಉದುರಿದ ಆ ಪುಡಿಯ ಒಂದು ಕಣ, ಒಂದು ಬೀಜ ಸಾಕು.

"ನೀನು ಹೋದಲ್ಲೆಲ್ಲ ಬೀಜ ಹೊತ್ಕೊಂಡು ಹೋಗ್ತೀಯಮ್ಮ," ಎಂದರು ಗೈಡ್. "ಮೇಲಿನ ಮಹಡೀಲಿ ಹೊಸ ಕೋಣೆ ಇದೆ, ಪಕ್ಕದ ಕೋಣೆ ಹುಡುಗಿ ಅಲ್ಲಿ ಮಾಡ್ಲಿ. ನೀನು ಆ ಕಡೆ ಸುಳೀಬೇಡ."

"ಪುಡಿ ಬಂದಿದ್ದು ಅವಳ ಕೋಣೆಯಿಂದ, ಸರ್."

"ಅವಳು ಹೊರಗೆ ಬರುವಾಗ ಕೋಟು ಅಲ್ಲೇ ಬಿಟ್ಟು ಬರ್ತಾಳೆ. ನೀನು ಬಿಡಲಿಲ್ಲ."

ಮನೆಯಲ್ಲಿ ಅವಳು ಉಗುರಿನ ಸಂದು, ಕಿವಿಯ ಹಿಂದೆ, ಕೂದಲ ಬುಡ ಎಲ್ಲವನ್ನೂ ತಿಕ್ಕಿದಳು.

"ಚರ್ಮ ಉಳಿಯುತ್ತೇನೇ ಹೀಗೆ?" ಅಮ್ಮ ಚೊಂಬು ಕಿತ್ತುಕೊಂಡಳು. "ಮೈಮೇಲೆ ಏನೂ ಇಲ್ಲ ಕಣೇ."

"ಕಾಣಲ್ಲಮ್ಮ."

ಒಂದು ಮಧ್ಯಾಹ್ನ ಮೇಲಿನ ಮಹಡಿಗೆ ಹೋದಳು. ಬಾಗಿಲ ಗಾಜಿನಾಚೆ ಕತ್ತಲ ಕೋಣೆ, ಮೇಜಿನ ಮೇಲೊಂದು ಹಸಿರು ಚುಕ್ಕೆ.

"ಬಂತು ಅಕ್ಕಾ," ಕಿರಿಯಳು ಒಳಗಿಂದಲೇ ಹೇಳಿದಳು. "ನೀವು ಹೇಳಿಕೊಟ್ಟ ಹಾಗೇ ಮಾಡಿದೆ."

"ಯಾರ ಪ್ರಬಂಧಕ್ಕೆ?"

"ನನ್ನದಕ್ಕೇ ಹಾಕ್ಕೋ ಅಂದ್ರು ಸರ್."

ಹರಳಕ್ಕ ಹಿಡಿಕೆಗೆ ಕೈ ಚಾಚಿದಳು.

"ಬೇಡ ಅಕ್ಕಾ, ಪ್ಲೀಸ್. ಅಲ್ಲೇ ನಿಂತು ನೋಡಿ."

ಅವಳು ಕೈ ಹಿಂದೆಗೆದಳು. ಅಭ್ಯಾಸ ಬಿಡಲಿಲ್ಲ, ಉಸಿರನ್ನೂ ಹಿಡಿದು ನಿಂತಳು.